ಆಹ್ವಾನ ಪತ್ರಿಕೆಯ ಮೂರನೇ ಸಾಲು

ಇಪ್ಪತ್ತೆರಡು ವರ್ಷ ಪತ್ರಿಕೆಗೆ ನೃತ್ಯ ವಿಮರ್ಶೆ ಬರೆದ ನನಗೆ ನೃತ್ಯದ ಹಿನ್ನೆಲೆ ಇರಲಿಲ್ಲ. ನಾನು ರೈಲ್ವೆ ಕಚೇರಿಯಲ್ಲಿ ವೇಳಾಪಟ್ಟಿ ತಿದ್ದುವ ಗುಮಾಸ್ತನಾಗಿದ್ದೆ. ಐದೂವರೆಗೆ ಕಚೇರಿ ಬಿಟ್ಟು, ಆರೂವರೆಗೆ ಸಭಾಂಗಣದ ಅಂಚಿನ ಕುರ್ಚಿಯಲ್ಲಿ ಕೂತು, ಅತ್ತಿಗುಪ್ಪೆಯ ಮನೆಗೆ ಒಂಬತ್ತರ ಬಸ್ಸು ಹಿಡಿಯುತ್ತಿದ್ದೆ. ಪುರವಣಿಯ ಸಂಪಾದಕರು ನನ್ನನ್ನು ಉಳಿಸಿಕೊಂಡದ್ದು ಒಂದೇ ಗುಣಕ್ಕಾಗಿ: ನನ್ನ ಬರಹ ಒಮ್ಮೆಯೂ ತಡವಾಗಲಿಲ್ಲ.

ತಡವಾಗದಿರಲು ಕಾರಣವಿತ್ತು. ಅರ್ಧ ವಿಮರ್ಶೆಯನ್ನು ಕಾರ್ಯಕ್ರಮಕ್ಕೆ ಮೊದಲೇ, ಬೆಳಗಿನ ಕಾಫಿಯಾದ ಮೇಲೆ, ಆಹ್ವಾನ ಪತ್ರಿಕೆ ನೋಡಿ ಬರೆದಿಡುತ್ತಿದ್ದೆ. ಮೊದಲ ಸಾಲಿನಲ್ಲಿ ನರ್ತಕಿ, ಎರಡನೆಯದರಲ್ಲಿ ಗುರು, ಮೂರನೆಯದರಲ್ಲಿ ನಟುವಾಂಗ. ವೇದಿಕೆಯ ಬದಿಯಲ್ಲಿ ಕೂತು, ತಾಳ ತಟ್ಟುತ್ತಾ, ಜತಿ ಹೇಳುತ್ತಾ ಕುಣಿಯುವವಳನ್ನು ನಡೆಸುವ ಕೆಲಸ ಅದು. ಕಾರ್ಡು ತಿಂಗಳ ಮುಂಚೆ ಅಚ್ಚಾಗುತ್ತದೆ; ಅಲ್ಲಿ ಗುರುವಿನ ಹೆಸರೇ ಇರುವುದು ರೂಢಿ. ಆ ದಿನ ತಾಳ ಹಿಡಿಯುವವರು ಬೇರೆಯವರಾಗಿರಬಹುದು. ನನ್ನ ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ. ಬಿದ್ದಿತ್ತು. ಬೆಳಿಗ್ಗೆ ಬರೆದಿಟ್ಟ ವಾಕ್ಯವನ್ನು ತಿದ್ದಲು ಹೋಗಲಿಲ್ಲ, ಅಷ್ಟೆ.

ಕಳೆದ ವರ್ಷ ಒಂದು ಬುಧವಾರ, ಹತ್ತು ಗಂಟೆಗೆ, ಮೂಡಲಪಾಳ್ಯದಿಂದ ಒಬ್ಬ ಹೆಂಗಸು ಮನೆಗೆ ಬಂದರು. ಐವತ್ತು ದಾಟಿದವರು. ಮುಖ ನೋಡಿದೊಡನೆ ಗುರುತು ಸಿಕ್ಕಿತು. ವಿಜಯನಗರದ ಒಂದು ನೃತ್ಯಶಾಲೆಯ ವೇದಿಕೆಯಲ್ಲಿ, ಬದಿಯ ಜಮಖಾನೆಯ ಮೇಲೆ, ಹದಿನಾಲ್ಕು ವರ್ಷ ಕಂಡ ಮುಖ. ಆ ಶಾಲೆ ಬಿಟ್ಟ ಮೇಲೆ ಬಸವೇಶ್ವರನಗರದ ಒಂದು ಖಾಸಗಿ ಶಾಲೆಯಲ್ಲಿ ಅವರು ಹನ್ನೊಂದು ವರ್ಷದಿಂದ ನೃತ್ಯ ಕಲಿಸುತ್ತಿದ್ದರು. ಈಗ ಹೊಸ ಆಡಳಿತ ಎಲ್ಲ ಶಿಕ್ಷಕರ ಹಿನ್ನೆಲೆಗೆ ದಾಖಲೆ ಕೇಳಿತ್ತು. ಶನಿವಾರದೊಳಗೆ ಕೊಡದಿದ್ದರೆ ಕೆಲಸವಿಲ್ಲ.

"ನನ್ನ ಗುರುಗಳು ಮನೆ ಜಗಲಿ ಮೇಲೆ ಹೇಳ್ಕೊಟ್ಟೋರು ಸಾರ್. ಸರ್ಟಿಫಿಕೇಟ್ ಅಂದ್ರೆ ಬೈತಿದ್ರು. ಈಗ ಅವರೂ ಇಲ್ಲ. ಹದಿನಾಲ್ಕು ವರ್ಷ ತಾಳ ಹಾಕಿದೀನಲ್ಲ, ಎಲ್ಲಾದ್ರೂ ಒಂದ್ಕಡೆ ಹೆಸರು ಬಿದ್ದಿರ್ಬೇಕು. ನೀವು ಎಲ್ಲಾ ಪೇಪರ್ ಇಟ್ಕೊಂಡಿದೀರಂತೆ. ಒಂದು ಸಿಕ್ಕಿದ್ರೆ ಸಾಕು."

ನನ್ನ ಹೆಂಡತಿ ಒಳಗಿನಿಂದಲೇ ಹೇಳಿದಳು: "ಸಿಗುತ್ತೆ ಬಿಡಮ್ಮ. ಇವರು ಕರೆಂಟ್ ಬಿಲ್ಲನ್ನೂ ಪೂಜೆ ಮಾಡಿ ಎತ್ತಿಡೋ ಪೈಕಿ. ಇವತ್ತಾದ್ರೂ ಆ ಕಸ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ."

ಬೀರುವಿನಿಂದ ಫೈಲುಗಳನ್ನು ವರ್ಷದ ಕ್ರಮದಲ್ಲಿ ಇಳಿಸಿದೆ. ಎಡಕ್ಕೆ ಕಾರ್ಡು, ಬಲಕ್ಕೆ ವಿಮರ್ಶೆಯ ಕತ್ತರಿಕೆ. ಆಕೆ ಒಂದೊಂದನ್ನೇ ನೋಡಿ ಮಗುಚುತ್ತಾ ಹೋದರು.

"ಇದು ನಾನೇ ಸಾರ್. ಅವತ್ತು ಮೇಡಂಗೆ ಗಂಟಲು ಕಟ್ಟಿತ್ತು."

ಇನ್ನೊಂದು.

"ಇದೂ ನಾನೇ. ಮೇಡಂ ಮುಂದ್ಗಡೆ ಗೆಸ್ಟ್ ಜೊತೆ ಕೂತಿದ್ರು."

ಆ ನೃತ್ಯಶಾಲೆಯ ಎಲ್ಲ ಕಾರ್ಡಿನಲ್ಲೂ ಮೂರನೇ ಸಾಲು ಒಂದೇ: ಶಾಲೆಯ ಒಡತಿಯ ಹೆಸರು. ಬಲಗಡೆ ನನ್ನ ವಿಮರ್ಶೆಯಲ್ಲೂ ಅದೇ ಹೆಸರು. "ಗುರುವಿನ ಖಚಿತ ನಟುವಾಂಗ ಕಾರ್ಯಕ್ರಮದ ಬೆನ್ನೆಲುಬಾಗಿತ್ತು." ಈ ವಾಕ್ಯವನ್ನು ನಾನು ಆರು ಸಲ ಬರೆದಿದ್ದೆ, ಆರು ಬೇರೆ ವರ್ಷಗಳಲ್ಲಿ, ಒಂದು ಅಕ್ಷರವೂ ಬದಲಾಗದೆ.

ಹನ್ನೆರಡೂವರೆಗೆ ಕೊನೆಯ ಫೈಲು ಮುಗಿಯಿತು. ನನ್ನ ಹೆಂಡತಿ ಮಜ್ಜಿಗೆ ತಂದಿಟ್ಟು ಒಳಗೆ ಹೋದಳು. ಬಂದವರು ಒಂದು ಕತ್ತರಿಕೆಯನ್ನು ಕೈಯಲ್ಲೇ ಹಿಡಿದಿದ್ದರು.

"ಚೆನ್ನಾಗೇ ಬರ್ದಿದೀರಿ ಸಾರ್," ಎಂದರು. "ನನ್ನ ಬಗ್ಗೇನೇ."

ಅಂದೇ ಒಂದು ಪತ್ರ ಬರೆದುಕೊಟ್ಟೆ. ಈ ಕಾರ್ಯಕ್ರಮಗಳಲ್ಲಿ ನಟುವಾಂಗ ಇವರದೇ, ನನ್ನ ವಿಮರ್ಶೆಗಳಲ್ಲಿ ಹೆಸರು ತಪ್ಪಿದೆ ಎಂದು, ಒಂದೊಂದಾಗಿ ಪಟ್ಟಿ ಮಾಡಿ, ಸಹಿ ಹಾಕಿದೆ. ಸಂಜೆ ನೃತ್ಯಶಾಲೆಯ ಒಡತಿಗೆ ಫೋನ್ ಮಾಡಿ, ಇವರಿಗೊಂದು ಅನುಭವ ಪತ್ರ ಕೊಡಿ ಎಂದೆ.

"ಅವಳು ನನ್ನ ಹತ್ರ ಸಹಾಯಕ್ಕೆ ಇದ್ದೋಳು ಸಾರ್," ಎಂದರು ಆಕೆ, ನಗುತ್ತಲೇ. "ನಟುವಾಂಗ ಯಾರ್ದು ಅಂತ ನೀವೇ ಬರ್ದಿದೀರಲ್ಲ. ಕ್ಲಾಸಲ್ಲಿ ಫ್ರೇಮ್ ಹಾಕ್ಸಿದೀನಿ, ಬಂದು ನೋಡಿ."

ಶನಿವಾರ ಮಧ್ಯಾಹ್ನ ಮೂಡಲಪಾಳ್ಯದಿಂದ ಫೋನ್ ಬಂತು. ಶಾಲೆಯ ಪ್ರಿನ್ಸಿಪಾಲರು ವಿಚಾರಿಸಲು ಒಡತಿಗೇ ಕರೆ ಮಾಡಿದ್ದರು. ಒಡತಿ ನನ್ನ ವಿಮರ್ಶೆಗಳ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದರು. ಪ್ರಿನ್ಸಿಪಾಲರು ಫೋನಿನ ಪಕ್ಕಕ್ಕೆ ನನ್ನ ಪತ್ರವನ್ನಿಟ್ಟು, "ಈ ಯಜಮಾನರು ಅವತ್ತು ಹಾಗೆ ಬರ್ದು ಇವತ್ತು ಹೀಗೆ ಬರೀತಾರೆ, ನಾವು ಯಾವ್ದನ್ನ ನಂಬೋದಮ್ಮ?" ಎಂದು ಕೇಳಿದರಂತೆ.

"ನೀವೇನಂದ್ರಿ?" ಎಂದೆ.

"ಅಚ್ಚಾಗಿರೋದನ್ನೇ ತಾನೆ ಸಾರ್ ನಂಬೋದು? ನಿಮ್ಮ ಪತ್ರ ವಾಪಸ್ ಇಸ್ಕೊಂಡು ಬಂದೆ." ಮತ್ತೆ ಅವರೇ ಹೇಳಿದರು: "ಹೊಸ ಟೀಚರ್ ಆಗ್ಲೇ ಬಂದಾಯ್ತು. ಆ ಮೇಡಂ ಕ್ಲಾಸಿನ ಹುಡುಗಿ, ಡಿಪ್ಲೊಮಾ ಇದೆ. ಅವಳಿಗೆ ಮೊದಲನೇ ಅಡವು ಹೇಳ್ಕೊಟ್ಟಿದ್ದು ನಾನೇ."

ಈ ಜನವರಿಯಲ್ಲಿ ಅದೇ ನೃತ್ಯಶಾಲೆಯಿಂದ ಒಂದು ರಂಗಪ್ರವೇಶದ ಕಾರ್ಡು ಬಂತು. ಪತ್ರಿಕೆ ನನ್ನ ಅಂಕಣ ನಿಲ್ಲಿಸಿ ಬಹಳ ಕಾಲವಾಗಿದೆ; ವಿಳಾಸದ ಪಟ್ಟಿಯಲ್ಲಿ ನನ್ನ ಹೆಸರು ಉಳಿದಿರಬೇಕು. ಹೋದೆ. ಪಕ್ಕವಾದ್ಯದವರು ಕೂರುವ ಜಾಗದಲ್ಲಿ ಜಮಖಾನೆಯೂ ಇರಲಿಲ್ಲ. ಎರಡು ಸ್ಪೀಕರ್ ನಿಲ್ಲಿಸಿದ್ದರು. ಈಗ ಎಲ್ಲ ಕಡೆ ಹೀಗೆಯೇ. ಹುಡುಗಿ ನಮಸ್ಕಾರ ಮಾಡಿ ನಿಂತಳು, ಸ್ಪೀಕರಿನಿಂದ ತಾಳ ಕೇಳಿತು, ಜತಿ ಶುರುವಾಯಿತು. ಧ್ವನಿ ಮೂಡಲಪಾಳ್ಯದವರದು. ಮೂರನೇ ಕಾಲದ ವೇಗಕ್ಕೆ ಏರುವ ಮುನ್ನ ಒಂದು ಕಡೆ ಉಸಿರು ಎಳೆದದ್ದೂ ಸ್ಪಷ್ಟವಾಗಿ ಕೇಳಿತು. ಕಾರ್ಡು ತೆರೆದು ನೋಡಿದೆ. ಮೂರನೇ ಸಾಲು ಹಳೆಯದೇ.

ಅಂದು ಮೊದಲ ಸಲ ಮಂಗಳ ಮುಗಿದ ಮೇಲೂ ಕೂತಿದ್ದೆ. ವಂದನಾರ್ಪಣೆಯಲ್ಲಿ ಅತಿಥಿಗಳು, ಮೇಕಪ್ಪಿನವರು, ದೀಪದವರು, ಹೂವಿನವರು, ಊಟದವರು ಎಲ್ಲರ ಹೆಸರೂ ಬಂತು. ಆ ಧ್ವನಿಯ ಹೆಸರು ಬರಲಿಲ್ಲ. ಒಂಬತ್ತರ ಬಸ್ಸು ತಪ್ಪಿತು.

ಮರುದಿನ ಹತ್ತು ಗಂಟೆಗೆ ಮೂಡಲಪಾಳ್ಯಕ್ಕೆ ಫೋನ್ ಮಾಡಿ ಹೇಳಿದೆ.

"ಗೊತ್ತು ಸಾರ್. ನಾನು ಆ ಕ್ಲಾಸ್ ಬಿಡೋ ಮುಂಚೆ ನಾಲ್ಕು ದಿನ ಕೂರ್ಸಿ ರೆಕಾರ್ಡ್ ಮಾಡಿಸ್ಕೊಂಡಿದ್ರು. ಎಲ್ಲಾ ಐಟಂದೂ." ಹಿಂದುಗಡೆ ಯಾರದೋ ಪ್ರೆಷರ್ ಕುಕ್ಕರ್ ಕೂಗಿತು. "ಮೂರನೇ ಕಾಲಕ್ಕೆ ಮುಂಚೆ ನನ್ನ ಉಸಿರು ಸಿಕ್ಕಾಕೊಂಡಿತ್ತು. ಆಮೇಲೆ ತೆಗೀತೀವಿ ಅಂದಿದ್ರು. ತೆಗ್ದಿದಾರಾ?"

"ಇಲ್ಲ," ಎಂದೆ. "ಹಾಗೇ ಇದೆ."

"ಅಯ್ಯೋ, ತೆಗೀಬೇಕಿತ್ತು," ಎಂದರು. "ಆ ಹುಡುಗಿಗೆ ತಾಳ ತಪ್ಪುತ್ತೆ."

ಫೋನ್ ಇಟ್ಟು ಕಾರ್ಡಿನ ಮೂರನೇ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ಸರಿಯಾದ ಹೆಸರು ಬರೆದೆ. ಹಳೆಯ ಫೈಲುಗಳನ್ನೂ ಇಳಿಸಿದೆ. ದಿನಕ್ಕೊಂದು ವರ್ಷದಂತೆ, ಬೆಳಗಿನ ಕಾಫಿಯಾದ ಮೇಲೆ, ಹದಿನಾಲ್ಕು ದಿನಕ್ಕೆ ತಿದ್ದಿ ಮುಗಿಸಿದೆ. ಆ ಫೈಲುಗಳನ್ನು ಕೇಳಿಕೊಂಡು ಇನ್ನು ಯಾರೂ ಬರುವುದಿಲ್ಲ.