ಆಯಿಯ ಗಂಟಿನಲ್ಲಿ ತಿಪ್ಪೆಯ ಮಣ್ಣು

"ಹೂವಿನ ಹೆಸರು ನಮ್ಮನಿಗೆ ಆಗಂಗಿಲ್ಲ. ಕಾಲೇಜೂ ಆಗಂಗಿಲ್ಲ" ಎಂದವಳು ನಮ್ಮ ಆಯಿ, ಅಪ್ಪನ ಅವ್ವ. ಊರ ಗೌಡರು ಅಂದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳೇ ಅಂದರೆ ಯಾರ ಮೇಲೆ ಸಿಟ್ಟು ಮಾಡುವುದು?

ಹೂವಿನ ಹೆಸರಿಗೆ ಅವಳು ಹೆದರುವುದಕ್ಕೆ ಕಾರಣವಿತ್ತು. ನನಗಿಂತ ಮೊದಲು ಹುಟ್ಟಿದ ಅಕ್ಕನಿಗೆ ಅಪ್ಪ ಆಸೆಪಟ್ಟು ಮಲ್ಲಿಗೆ ಎಂದು ಹೆಸರಿಡಿಸಿದ್ದನಂತೆ. ನಡೆಯಲು ಕಲಿಯುವ ಹೊತ್ತಿಗೆ ಅವಳು ದಡಾರ ಎದ್ದು ತೀರಿಕೊಂಡಳು. ಮುಂದೆ ನಾನು ಹುಟ್ಟಿದಾಗ ಆಯಿ ಯಾರ ಮಾತನ್ನೂ ಕೇಳಲಿಲ್ಲ. ಮೊರದಲ್ಲಿ ಹಾಕಿಕೊಂಡು ಹೋಗಿ ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿದಳು. ನೆರೆಮನೆಯಾಕೆ ಎತ್ತಿಕೊಂಡಳು. ಅವಳಿಗೆ ಒಂದು ಮೊರ ತೌಡು ಕೊಟ್ಟು ಆಯಿ ನನ್ನನ್ನು ಮರಳಿ ಕೊಂಡಳು. ಬೇಡವೆಂದು ಎಸೆದ ಕೂಸನ್ನು ಸಾವು ಮೂಸಿಯೂ ನೋಡುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹೆಸರೂ ಆ ತಿಪ್ಪೆಯದೇ ಇಟ್ಟರು.

ನಾನು ಉಳಿದೆ, ಹೆಸರೂ ಉಳಿಯಿತು. ಅಬಲೂರಿನ ಆಚೆಯ ನಮ್ಮ ಹಳ್ಳಿಯಲ್ಲಿ ಅಂಥ ಹೆಸರಿನ ಗಂಡಸರು, ಹೆಂಗಸರು ಬೇಕಾದಷ್ಟು ಇದ್ದರು, ಯಾರೂ ನಗುತ್ತಿರಲಿಲ್ಲ. ಕಾಲೇಜಿನಲ್ಲಿ ಹಾಜರಿ ಕರೆಯುವಾಗ ನಕ್ಕರು. ಆಯಿ ಬೇಡವೆಂದರೂ ಸೇರಿದ್ದೆ; ನಮ್ಮ ಮನೆತನದಲ್ಲಿ ಕಾಲೇಜಿನ ಹೊಸ್ತಿಲು ದಾಟಿದವಳು ನಾನೇ ಮೊದಲು. ಆ ಹೆಮ್ಮೆಯೆಲ್ಲ ದಿನಾ ಬೆಳಿಗ್ಗೆ ನನ್ನ ಹೆಸರು ಬರುವತನಕ ಮಾತ್ರ. ಮಾಸ್ತರರು ಮೊದಲ ಅಕ್ಷರ ಎತ್ತುವಷ್ಟರಲ್ಲಿಯೇ "ಪ್ರೆಸೆಂಟ್ ಸರ್" ಎಂದು ಕೂಗಿಬಿಡುತ್ತಿದ್ದೆ, ಉಳಿದದ್ದು ಯಾರ ಕಿವಿಗೂ ಬೀಳದಿರಲಿ ಎಂದು. ಹಿಂದಿನ ಬೆಂಚಿನವರು ಉಳಿದದ್ದನ್ನು ತಾವೇ ಪೂರ್ತಿ ಮಾಡುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಅತ್ತಿಗೆ ತನ್ನ ತವರು ಸವಣೂರಿನಲ್ಲಿ ಹೆಣ್ಣು ಹಡೆದಳು. ಅವಳ ಮೊದಲ ಕೂಸು ಬಾಣಂತಿ ಹೊರಸಿನ ಮೇಲೆಯೇ ತೀರಿಹೋಗಿತ್ತು. ಹೆಸರಿಡಬೇಕಾದವಳು ಸೋದರತ್ತೆಯಾದ ನಾನು. ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಸೋದರತ್ತೆ ಯಾವ ಹೆಸರು ಉಸುರುತ್ತಾಳೋ ಅದೇ ಹೆಸರು. ಅದನ್ನು ಅಪ್ಪನೂ ತಿರುಗಿಸುವಂತಿಲ್ಲ, ಅಜ್ಜನೂ ತಿರುಗಿಸುವಂತಿಲ್ಲ.

ಆಯಿ ಮೊದಲೇ ಹೇಳಿಬಿಟ್ಟಳು: "ನಿನ್ನ ಹೆಸರ ಇಡು. ಗಟ್ಟಿ ಹೆಸರು. ನೀ ಉಳದಿ, ಅದೂ ಉಳೀತೈತಿ."

ಬೇರೆ ಸೋದರತ್ತೆಯಾಗಿದ್ದರೆ ತನ್ನ ಹೆಸರೇ ನಿಲ್ಲುತ್ತದೆಂದು ಹಿಗ್ಗುತ್ತಿದ್ದಳು. ನಾನು ಕೈಚೀಲಕ್ಕೆ ಸಾಮಾನು ತುಂಬತೊಡಗಿದೆ.

ಸವಣೂರಿಗೆ ಹೊರಟಾಗ ಗುಗ್ಗರಿಯ ಕಡಲೆ, ಕೂಸಿನ ತಲೆಗೆ ಹಾಕುವ ಕುಂಚಿಗೆ ಎಲ್ಲ ನನ್ನ ಕೈಚೀಲದಲ್ಲಿದ್ದವು. ಆಯಿಯ ಮಡಿಲಲ್ಲಿ ಬೇರೊಂದು ಗಂಟಿತ್ತು. ಅತ್ತಿಗೆಯ ತವರು ಪೇಟೆಯ ಓಣಿಯಲ್ಲಿದ್ದ ಮನೆ. ಅಲ್ಲಿ ತಿಪ್ಪೆ ಎಲ್ಲಿಂದ ಬರಬೇಕು? ಅದಕ್ಕೆಂದೇ ನಮ್ಮ ಹಿತ್ತಲ ತಿಪ್ಪೆಯ ಕಳಿತ ಮಣ್ಣನ್ನು ಒಂದು ಬೊಗಸೆ ಕಟ್ಟಿಕೊಂಡಿದ್ದಳು. ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ ಗಂಟು ಸಡಿಲಾಗಿ ಮಣ್ಣು ಮೆಟ್ಟಿಲ ಮೇಲೆ ಸುರಿಯಿತು.

ಕಂಡಕ್ಟರ್, "ಏನವ್ವಾ ಇದು, ಹೊಲಾನ ಹೊತ್ಕೊಂಡು ಬಂದಿಯೇನ?" ಎಂದ. ಬಸ್ಸಿನ ಮಂದಿಯೆಲ್ಲ ನಕ್ಕರು. ಆ ಮಂದಿಯಲ್ಲಿ ಕಾಲೇಜಿನ ನನ್ನ ವರ್ಗದ ಹುಡುಗಿಯೊಬ್ಬಳಿದ್ದಳು. ಇಸ್ತ್ರಿ ಸೀರೆ, ಹೆಗಲಿಗೆ ವ್ಯಾನಿಟಿ ಚೀಲ. ಹತ್ತಿರ ಬಂದು, "ಏನ್ರೀ ಅದು?" ಎಂದಳು.

"ಗೊಬ್ಬರ್ರೀ. ಹೂವಿನ ಗಿಡಕ್ಕ" ಎಂದೆ.

ಆಯಿಗೆ ಕಣ್ಣು ಮಂದ, ಕಿವಿ ಚುರುಕು. "ಯಾವ ಹೂವಿನ ಗಿಡಕ್ಕವಾ? ಕೂಸಿಗೆ ಒಯ್ಯಾಕತ್ತೇನಿ! ಇಕಿನ್ನೂ ತಿಪ್ಪ್ಯಾಗ ಮಲಗಿಸೇ ಉಳಿಸ್ಕೊಂಡೇನಿ. ಅದಕ್ಕ ನೋಡು ಇವತ್ತ ಬಿ.ಎ. ಓದಾಕತ್ತಾಳ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿ, ಬಗ್ಗಿ ಮಣ್ಣು ಬಳಿಯತೊಡಗಿದಳು. ನಾನು ಬಗ್ಗಲಿಲ್ಲ. ಬಂಕಾಪುರ ದಾಟುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಸಾಯಬೇಕೆನ್ನಿಸುವಷ್ಟು ನಾಚಿಕೆ ಎಂದು ಮಂದಿ ಸುಮ್ಮನೆ ಅನ್ನುತ್ತಾರೆ. ಅಂದು ಅದು ನನಗೆ ಸುಮ್ಮನೆಯ ಮಾತಾಗಿರಲಿಲ್ಲ.

ಬಾಣಂತಿ ಕೋಣೆಯಲ್ಲಿ ಅತ್ತಿಗೆಯ ಹತ್ತಿರ ಕುಳಿತು ಹೂವಿನ ಹೆಸರುಗಳನ್ನು ಒಂದೊಂದೇ ಹೇಳಿದೆ. ಪಾರಿಜಾತ ಎಂದಾಗ ಅವಳು ನಕ್ಕಳು.

"ಅದನ್ನ ಕರ್ಯೂದ್ರಾಗ ಕೂಸು ಓಣಿ ದಾಟಿ ಹೋಗಿರ್ತೈತ್ರಿ."

ನೈದಿಲೆ ಎಂದಾಗ, "ನಮ್ಮ ಕಡೆ ಯಾರು ನೋಡ್ಯಾರ್ರಿ ಅದನ್ನ?" ಎಂದಳು. ಮಲ್ಲಿಗೆ ಎಂದು ಇಬ್ಬರೂ ಅನ್ನಲಿಲ್ಲ. ಬಾಗಿಲಿಗೆ ಕಟ್ಟಿದ್ದ ಹಾರದ ಕಡೆ ನೋಡುತ್ತ ಅತ್ತಿಗೆ ಮೆಲ್ಲಗೆ ಹೇಳಿದಳು, "ಸೇವಂತಿ ನೋಡ್ರಿ, ಗಿಡದಿಂದ ಹರಿದ ಮ್ಯಾಲೂ ಲಗೂನ ಬಾಡಂಗಿಲ್ಲ." ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಆದ್ರ ಆಯಿ ಮಾತು ಮೀರಾಕ ನನಗ ಧೈರ್ಯ ಇಲ್ಲರಿ. ನೀವು ಓದಿದವರು, ನೀವ ಹೇಳ್ರಿ. ನನಗ ಇದೊಂದು ಉಳದ್ರ ಸಾಕು."

ಹೆಸರಿಡುವ ಹೊತ್ತಿಗೆ ಆಯಿ ತಿಪ್ಪೆಯ ಮಣ್ಣನ್ನು ಮೊರದಲ್ಲಿ ಹರವಿ, ಮೇಲೆ ಅರಿವೆ ಹಾಸಿ ಕೂಸನ್ನು ಮಲಗಿಸಿ ಎತ್ತಿದಳು. ತೊಟ್ಟಿಲಿಗೆ ಹಾಕಿದರು. ನಾನು ಬಗ್ಗಿದೆ. ಹೆಸರು ಉಸುರಿದ ಕೂಡಲೇ ರೂಢಿಯಂತೆ ಬೆನ್ನಿಗೆ ಗುದ್ದಲು ಓಣಿಯ ಹೆಂಗಸರು ಹಿಂದೆ ಮುಷ್ಟಿ ಹಿಡಿದು ನಿಂತಿದ್ದರು. ಅತ್ತಿಗೆಗಿದ್ದ ಭಯ ನನಗೂ ಇತ್ತು. ನನ್ನ ಹೆಸರನ್ನೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಹಾಜರಿ ಕರೆಯುವ ದನಿ, ಹಿಂದಿನ ಬೆಂಚಿನ ನಗು ಕಿವಿಗೆ ಬಂದವು. ಕೂಸಿಗೆ ಹೂವಿನ ಹೆಸರು ಇಟ್ಟೆ.

ಗುದ್ದುಗಳು ಬಿದ್ದವು. "ಏನಂತ ಇಟ್ಟಿ? ಜೋರಾಗಿ ಹೇಳ!" ಎಂದರು.

"ಸೇವಂತಿ."

ಆಯಿ ಗುಗ್ಗರಿ ಮುಟ್ಟಲಿಲ್ಲ. ಮೊರದ ಮಣ್ಣನ್ನು ಒಂದು ಕಣವೂ ಬಿಡದೆ ಬಳಿದು ಮತ್ತೆ ಗಂಟು ಕಟ್ಟಿಕೊಂಡಳು. ಎಲ್ಲರ ಎದುರು ಆ ಮುದುಕಿ ಮೊರ ಬಳಿಯುವುದನ್ನು ನೋಡಿದಾಗ ಬಸ್ಸಿನಲ್ಲಿ ಆಗಿದ್ದಕ್ಕಿಂತ ಹೆಚ್ಚಿನ ನಾಚಿಕೆಯಾಯಿತು. ಈ ನಾಚಿಕೆ ಬೇರೆ ಜಾತಿಯದು. ಬಸ್ಸಿನಲ್ಲಿ ಅವಳಿಗಾಗಿ ನಾಚಿದ್ದೆ, ಇಲ್ಲಿ ನನಗಾಗಿ.

ಆ ಚಳಿಗಾಲ ಕೂಸಿಗೆ ಜ್ವರ ಬಂತು. ಶಿಗ್ಗಾಂವಿಯ ಡಾಕ್ಟರಿಗೆ ತೋರಿಸಿದರು, ಹುಲಗೂರಿನ ದರ್ಗಾಕ್ಕೂ ಒಯ್ದು ಕೊರಳಿಗೆ ದಾರ ಕಟ್ಟಿಸಿದರು. ನಾನು ಪುಸ್ತಕ ಹಿಡಿದು ಕುಳಿತರೂ ಒಂದು ಸಾಲು ತಲೆಗೆ ಹೋಗುತ್ತಿರಲಿಲ್ಲ. ಬರೀ ಹೆಸರಿನಿಂದ ಯಾರೂ ಸಾಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸವಣೂರಿನ ಕಾಗದವೇನೋ ಎಂದು ಬಾಗಿಲಿಗೆ ಓಡುತ್ತಿದ್ದೆ. ಪರೀಕ್ಷೆಯಲ್ಲಿ ಇಂಗ್ಲಿಷ್ ಪೇಪರ್ ಹೋಯಿತು. ಆಯಿ, "ನಾ ಅಂದಿದ್ನೆಲ್ಲ, ಆಗಂಗಿಲ್ಲಂತ" ಎಂದಷ್ಟೇ ಅಂದಳು. ಜ್ವರ ಬಿಟ್ಟು ಕೂಸು ಬೋರಲು ಬಿತ್ತು, ಅಂಬೆಗಾಲಿಟ್ಟಿತು, ನಮ್ಮ ಮನೆಗೂ ಬಂತು. ಆಯಿ ಅದನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ, ಆದರೆ ಹೆಸರು ಹಿಡಿದು ಕರೆಯಲಿಲ್ಲ. "ಏ ಹುಡುಗಿ" ಎನ್ನುತ್ತಿದ್ದಳು, ಅಷ್ಟೇ.

ಇಂಗ್ಲಿಷ್ ಪೇಪರಿಗೆ ಮತ್ತೆ ಕಟ್ಟಿದೆ, ಪಾಸಾದೆ. ಪದವಿಯ ಪ್ರಮಾಣಪತ್ರ ಬಂದಾಗ ಕಾಲೇಜಿನ ಕಚೇರಿಯ ಕಿಟಕಿಯಿಂದ ನನ್ನ ಹೆಸರನ್ನು ಪೂರ್ತಿ ಕೂಗಿದರು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಲೆ ತಗ್ಗಿಸಿಯೇ ಇಸಿದುಕೊಂಡು ಬಂದೆ.

ಮನೆಯಲ್ಲಿ ಅದನ್ನು ಆಯಿಯ ಕೈಗೆ ಕೊಟ್ಟೆ. ಓದಲು ಬಾರದವಳು ಬೆಳಕಿಗೆ ಹಿಡಿದು ನೋಡಿದಳು.

"ಇದರಾಗ ಯಾರ ಹೆಸರು ಐತಿ?"

"ನಂದ."

"ನಂದ ಅಂದ್ರ? ಬಾಯಿ ಬಿಟ್ಟು ಹೇಳು."

ಹೇಳಿದೆ. ಹಾಜರಿಯಲ್ಲಿ ಒಮ್ಮೆಯೂ ಪೂರ್ತಿ ಹೇಳಗೊಡದ ಹೆಸರನ್ನು ಮೊದಲಿನಿಂದ ಕೊನೆಯತನಕ, ಹಿತ್ತಲಿಗೆ ಕೇಳುವಂತೆ ಹೇಳಿದೆ. ಕಾಗದ ನೋಡಿ ಕೂಸು ಓಡಿ ಬಂದು ಕೈ ಚಾಚಿತು. ಅಂಗಳದಲ್ಲಿ ಆಡಿ ಎರಡೂ ಕೈ ಮಣ್ಣಾಗಿದ್ದವು. ಆಯಿ ಪ್ರಮಾಣಪತ್ರವನ್ನು ತಲೆಯ ಮೇಲಕ್ಕೆತ್ತಿ ಹಿಡಿದಳು.

"ಏ ಸೇವಂತೀ, ಕೈ ತೊಳಕೊಂಡು ಬಂದು ಮುಟ್ಟು. ತಿಪ್ಪಿ ಹೆಸರಿನ ಕಾಗದ ಐತಿ, ಹೊಲಸಾದೀತು!"