ಸಾಬವ್ವನ ಜೋಗುಳ ಮತ್ತು ತಿರುಗುವ ಪರದೆ

ನಮ್ಮ ಪಕ್ಕದ ಮನೆಯ ಮಹೇಶಕುಮಾರ ಮೊಬೈಲ್ ಆ್ಯಪ್ ಮಾಡುವವನು. ಬೀದರ್ ಕಡೆಯಿಂದ ಪುಣೆಗೆ ಬಂದು, ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತು ಅವನನ್ನು ಓದಿಸಿದವಳು ತಾಯಿ ಸಾಬವ್ವ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಗಳಿಗೆ ಅವನು ಮಾಡಿಕೊಟ್ಟ ಆ್ಯಪ್‌ಗಳಲ್ಲಿ ಫೋನನ್ನು ಅಡ್ಡ ಹಿಡಿದರೂ ಪರದೆ ತಿರುಗುತ್ತಿರಲಿಲ್ಲ. ಹಾಗೆ ಲಾಕ್ ಹಾಕುವುದೇ ಅವನ ಪದ್ಧತಿ. ತಿರುಗಲು ಬಿಟ್ಟರೆ ಫೋನು ಆ ಪುಟವನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ, ಉಳಿಸಿಡದಿದ್ದದ್ದು ಹೋಗುತ್ತದೆ, ಯಾರಿಗೆ ಬೇಕು ಆ ತಲೆನೋವು ಎನ್ನುತ್ತಿದ್ದ.

ಕಳೆದ ವರ್ಷ ಸಾಬವ್ವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಸೊಸೆ ಆರತಿ ಆಗ ಆರು ತಿಂಗಳ ಬಸುರಿ. ಮುದುಕಿಗೆ ಒಂದೇ ಹಂಬಲ, ಹುಟ್ಟುವ ಮಗು ತನ್ನ ಜೋಗುಳ ಕೇಳಬೇಕು.

ಫೋನಿನಲ್ಲೇ ರೆಕಾರ್ಡರ್ ಇತ್ತು. ಆದರೆ ಈ ಪುಣ್ಯಾತ್ಮನಿಗೆ ಊರೆಲ್ಲ ಬಳಸುವುದು ರುಚಿಸಬೇಕಲ್ಲ! ಅವ್ವನಿಗೆಂದು ತಾನೇ ಒಂದು ಆ್ಯಪ್ ಮಾಡಿದ. ಒಂದೇ ದೊಡ್ಡ ಹಸಿರು ಗುಂಡಿ. ಒತ್ತಿದರೆ ಕೆಂಪಾಗಿ ಹಾಡು ತುಂಬಿಕೊಳ್ಳುತ್ತದೆ. ಮತ್ತೆ ಒತ್ತಿದರೆ ಹಾಡು ಉಳಿದು, ಗುಂಡಿ ಹಸಿರಾಗುತ್ತದೆ.

"ಅವ್ವ ಮಲ್ಕೊಂಡೇ ಇರ್ತಾಳ್ರಿ. ಹೆಂಗ ಹಿಡದ್ರೂ ಆಕಿಗಿ ಗುಂಡಿ ನೆಟ್ಟಗ ಕಾಣಬೇಕು," ಎಂದು ನನ್ನೆದುರೇ ಲಾಕ್ ತೆಗೆದ. ಕುರ್ಚಿಯಲ್ಲಿ ಕೂತು, ಫೋನನ್ನು ನೆಟ್ಟಗೆ ಹಿಡಿದು ಪರೀಕ್ಷಿಸಿ ಸರಿಯಾಯಿತು ಎಂದ. ಪ್ರೀತಿಯ ಭರದಲ್ಲಿ ತಾನೇ ಹೇಳುತ್ತಿದ್ದ ಮಾತು ಮರೆತ.

ಆಪರೇಷನ್ನಿನ ಮುನ್ನಾದಿನ ಸಾಬವ್ವ ಎಲ್ಲರನ್ನೂ ಹೊರಗೆ ಕಳಿಸಿ ಹಾಡಿದಳು. ಮುಗಿದ ಮೇಲೆ ಗುಂಡಿ ಒತ್ತಲು ಫೋನು ಎತ್ತಿಕೊಂಡಳು. ಅದು ಕೈಯಲ್ಲಿ ಅಡ್ಡವಾಯಿತು, ಪರದೆ ತಿರುಗಿತು, ಗುಂಡಿ ತಾನಾಗಿಯೇ ಹಸಿರಾಯಿತು.

"ಹಸುರಾಗ್ಯಾದ ನೋಡಪ್ಪ, ಎಲ್ಲಾ ಹಾಡೀನಿ," ಎಂದು ಮಗನನ್ನು ಕರೆದು ಕೊಟ್ಟಳು. ಅವನು ಕೇಳಿ ನೋಡಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವ ಮುಂಚೆ ಜೋಗುಳ ಯಾರೂ ಕೇಳಬಾರದು ಎಂಬುದು ಅವಳ ನೇಮ.

ತೊಟ್ಟಿಲಿಗೆ ಹಾಕುವ ದಿನ, ನೆರೆದ ಹೆಂಗಸರ ನಡುವೆ ಮಹೇಶಕುಮಾರ ಆ್ಯಪ್ ತೆರೆದ. ಒಳಗೆ ಏನೂ ಇರಲಿಲ್ಲ. ಅಂದು ಪರದೆ ತಿರುಗಿದಾಗಲೇ, ಉಳಿಸಿಡದ ಹಾಡು ಅಳಿಸಿಹೋಗಿತ್ತು. "ಹಾಡು ಹೋಗ್ಯಾದ ಅವ್ವಾ... ನಂದೇ ತಪ್ಪು," ಎಂದು ತಾಯಿಯ ಕಾಲ ಬಳಿ ಕುಸಿದು ಬಿಕ್ಕಿ ಬಿಕ್ಕಿ ಅತ್ತ.

ಸಾಬವ್ವ ಅವನ ತಲೆ ಸವರಿದಳು. ಆಮೇಲೆ ಎದ್ದು ತೊಟ್ಟಿಲ ಹಗ್ಗ ಹಿಡಿದು, ಒಂದೊಂದೇ ನುಡಿಗೆ ತುಟಿ ಆಡಿಸತೊಡಗಿದಳು. ಆಪರೇಷನ್ನಿನಲ್ಲಿ ಕುತ್ತಿಗೆಗೆ ಮಾಡಿದ್ದ ತೂತಿನಿಂದ ಬರೀ ಉಸಿರು ಬರುತ್ತಿತ್ತು. ನಾವೆಲ್ಲ ಅತ್ತೆವು, ಆಕೆ ಮಾತ್ರ ಕೊನೆಯ ನುಡಿಯವರೆಗೂ ತೂಗಿದಳು.