ಅಕ್ಕನ ಖೋಲಿಯ ಗೋಡೆ

ಮಕ್ಕಳೇ, ನಾನು ಚಿಕ್ಕವನಿದ್ದಾಗ, ಎಂದರೆ ನಿಮ್ಮಲ್ಲಿ ಕಿರಿಯವನಷ್ಟೇ ಇದ್ದು ಅವನಿಗಿಂತ ಹೆಚ್ಚು ಹಟಮಾರಿಯಾಗಿದ್ದಾಗ, ಭಾಲ್ಕಿಯಲ್ಲಿ ಅಪ್ಪ ಹೊಸ ಮನೆ ಕಟ್ಟಿಸಲು ಹೊರಟಿದ್ದ. ಹೊರಗೋಡೆಗೆ ಕೆಂಪು ಕಲ್ಲು ಎಂದು ನಿಶ್ಚಯವಾಗಿತ್ತು. ಬೀದರಿನ ಕಡೆಯಿಂದ ಬಂಡಿಗಳಲ್ಲಿ ಕಲ್ಲು ಬಂದು ಬಿತ್ತು. ಆಗಷ್ಟೇ ಕಡಿದ ಆ ಕಲ್ಲು ಎಷ್ಟು ಮೆತ್ತಗಿರುತ್ತದೆ ಗೊತ್ತೇ? ಮೊಳೆಯಿಂದ ಗೀಚಿದರೆ ಪುಡಿ ಉದುರುತ್ತದೆ. ಗಾಳಿ, ಬಿಸಿಲು ತಿಂದ ಮೇಲೆಯೇ ಗಟ್ಟಿಯಾಗುವುದು. ಅದಕ್ಕೇ ಬೇಸಿಗೆಯಿಡೀ ಅಂಗಳದಲ್ಲಿ ಒಟ್ಟಿದ್ದರು. ನಾನು ಅದರ ಮೇಲೆ ಹತ್ತಿ ಇಳಿದು, ಚಡ್ಡಿಯೆಲ್ಲ ಕೆಂಪು ಮಾಡಿಕೊಂಡು ಅವ್ವನಿಂದ ಬೈಸಿಕೊಳ್ಳುತ್ತಿದ್ದೆ.

ಅಕ್ಕ ಆಗ ಏಳನೇ ಇಯತ್ತೆ. ಒಂದು ಸಂಜೆ ನನ್ನನ್ನು ಕಲ್ಲಿನ ರಾಶಿಯ ಹಿಂದೆ ಕರೆದೊಯ್ದಳು. ಹೊಸ ಮನೆಯಲ್ಲಿ ಅವಳಿಗೆಂದು ಬರಲಿದ್ದ ಖೋಲಿಗೂ ಪಡಸಾಲೆಗೂ ನಡುವಿನ ಗೋಡೆಯನ್ನು ಕಲ್ಲಿನಲ್ಲೇ ಕಟ್ಟಿದರೆ ಅದರ ದಪ್ಪದಲ್ಲಿ ಒಂದು ಗೂಡು ಬಿಡಿಸಬಹುದಂತೆ. ಕಲ್ಲಿನ ಮೇಲೆ ಗೇಣು ಹಾಕಿ ಅಗಲ, ಎತ್ತರ ತೋರಿಸಿದಳು. "ನನ್ನ ಪುಸ್ತಕ ಅಷ್ಟ ಇಡ್ತೇನಿ. ಅದಕ್ಕ ಒಂದ್ ಸಣ್ಣ ಬಾಗಲಾ. ಮತ್ಯಾರ ಕೈನೂ ಹೋಗಬಾರ್ದು," ಎಂದಳು. ಅವಳದು ಎನ್ನುವ ಜಾಗ ಆಗಿನ ಮನೆಯಲ್ಲಿ ಎಲ್ಲೂ ಇರಲಿಲ್ಲ. ಜೋಳದ ಚೀಲದ ಮೇಲಿಟ್ಟ ಪುಸ್ತಕಗಳ ಅಂಚನ್ನು ಇಲಿಗಳು ಕಡಿದಿದ್ದವು. ಅಪ್ಪನ ಮುಂದೆ ಬಾಯಿಬಿಡಲು ಅವಳಿಗೆ ಧೈರ್ಯವಿರಲಿಲ್ಲ. "ನೀ ಹೇಳಿದ್ರ ಕೇಳ್ತಾನ," ಎಂದಳು. ನಾನು ಹೂಂಗುಟ್ಟಿದೆ.

ಮರುದಿನ ಮನೆ ಕಟ್ಟುವ ಮಿಸ್ತ್ರಿ ಚಾಚಾ ಒಳಗೋಡೆಯ ಮಾತು ತೆಗೆದರು. ಎರಡು ಇಟ್ಟಂಗಿ ತಂದು, ಒಂದಕ್ಕೊಂದು ಬಡಿದು ಟಣ್ ಎನ್ನಿಸಿ ತೋರಿಸಿದರು. "ಕಲ್ಲಿಂದು ಮಾಡಿದ್ರ ತಂಪಿರ್ತದರಿ, ಗೂಡೂ ಬಿಡಬಹುದು. ಖರೆ, ಮೊಳದಷ್ಟು ಜಾಗಾ ನುಂಗ್ತದ. ಇಟ್ಟಂಗಿದು ತೆಳ್ಳಗ, ಪಡಸಾಲಿ ದೊಡ್ಡದಾಗ್ತದರಿ," ಎಂದರು.

ಅಪ್ಪ ಅಂದು ಖುಷಿಯಲ್ಲಿದ್ದ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೀ ಹೇಳಪಾ ಸಾವಕಾರ, ಯಾವುದು ಹಾಕಸೋಣ?" ಎಂದ. ಪಡಸಾಲೆ ದೊಡ್ಡದಾದರೆ ನಿನಗೇ ಒಂದು ಹೊರಸು ಹಾಕಬಹುದು ಎಂದೂ ಸೇರಿಸಿದ. ಅಲ್ಲಿಯತನಕ ನಾನು ಮಲಗುತ್ತಿದ್ದುದು ನೆಲದ ಮೇಲೆ, ಎಲ್ಲರ ನಡುವೆ.

ಹೊರಸು ಎಂದ ಕೂಡಲೇ ಬೇರೆಲ್ಲ ಮರೆತುಹೋಯಿತು ಎಂದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ. ಚಾಚಾಗೆ ಚಹಾ ತಂದ ಅಕ್ಕ ಬಾಗಿಲಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಮುಖ ತಪ್ಪಿಸಿ "ಇಟ್ಟಂಗಿ" ಎಂದೆ. ಅಪ್ಪ, ಚಾಚಾ ಇಬ್ಬರೂ ನಕ್ಕರು. ಅಕ್ಕ ಚಹಾ ಕೆಳಗಿಟ್ಟು ಒಳಗೆ ಹೋದಳು.

ಗೋಡೆ ಎದ್ದಿತು, ಹೊರಸೂ ಬಂತು. ಅಕ್ಕನ ಖೋಲಿಗೆ ಜೋಳದ ಚೀಲ, ಜೊತೆಗೆ ಇಲಿಯೂ ಬಂದದ್ದರಿಂದ ಅವಳು ಪುಸ್ತಕಗಳನ್ನು ಗೋಣಿಚೀಲದಲ್ಲಿ ಕಟ್ಟಿ ನನ್ನ ಹೊರಸಿನ ಕೆಳಗೇ ಇಟ್ಟುಕೊಂಡಳು. ಬೆಳಗ್ಗೆ ಓದಲು ಬೇಕಾದಾಗ ನನಗೆ ಎಚ್ಚರವಾಗದಂತೆ ಬಗ್ಗಿ ಎಳೆದುಕೊಳ್ಳುತ್ತಿದ್ದಳು. ಒಂದು ದಿನವೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ನನಗಾದರೂ ಹಗುರಾಗುತ್ತಿತ್ತು. ಮುಂದೆ ಮದುವೆಯಾಗಿ ಔರಾದಕ್ಕೆ ಹೋದಳು. ತಪ್ಪಾಯಿತು ಎನ್ನಬೇಕೆಂದು ಎಷ್ಟೋ ಸಲ ಬಸ್ಸು ಹತ್ತಿ ಹೋದೆ. ಅವಳು ಮಾಡಿದ್ದು ಹೊಟ್ಟೆತುಂಬ ಉಂಡು, ಹೇಳದೆ ತಿರುಗಿ ಬಂದೆ. ಈಗ ಅಕ್ಕ ಇಲ್ಲ.

ಮೊನ್ನೆ ಚಿದ್ರಿಯ ನಮ್ಮ ಹೊಸ ಮನೆಯ ಒಳಗೋಡೆಗೆಂದು ನಿಮ್ಮಪ್ಪ ಇಟ್ಟಂಗಿ, ಸಿಮೆಂಟ್ ಬ್ಲಾಕು, ಹಗುರ ಬ್ಲಾಕು ಮೂರನ್ನೂ ನಿಮ್ಮ ಮುಂದಿಟ್ಟ. ನಿಮ್ಮಲ್ಲಿ ದೊಡ್ಡವಳು ಹಗುರ ಬ್ಲಾಕಿಗೆ ಮೊಳೆ ಹೊಡೆದು ನೋಡಿ, "ಇದು ಬ್ಯಾಡ ಪಪ್ಪಾ, ಉದುರ್ತದ. ನನ್ನ ಖೋಲಿಗಿ ಸಿಮೆಂಟಿಂದೇ ಇರ್ಲಿ," ಎಂದಳು. ಅವನು ಮರುಮಾತಿಲ್ಲದೆ ಒಪ್ಪಿದ. ನಿಮಗೆ ಅದೇನು ದೊಡ್ಡ ಸಂಗತಿ ಅನ್ನಿಸಲಿಲ್ಲ, ಆಡಲು ಓಡಿಹೋದಿರಿ. ನಾನು ಮಾತ್ರ ಅಲ್ಲೇ ಕೂತುಬಿಟ್ಟೆ. ನಮ್ಮಪ್ಪನೂ ಕೆಟ್ಟವನಾಗಿರಲಿಲ್ಲ, ಮಕ್ಕಳೇ. ಅಂದು ತೊಡೆಯ ಮೇಲೆ ಕೂತಿದ್ದ ನಾನು, "ಅಪ್ಪಾ, ಖೋಲಿ ಅಕ್ಕಂದು, ಅಕಿಗಿ ಕೇಳು," ಎಂದಿದ್ದರೆ ಸಾಕಿತ್ತು. ಅವನು ಖಂಡಿತ ಕೇಳುತ್ತಿದ್ದ.